ಮೊದಲ ಚಿತ್ರ ದೇವರದು

ಹೊಳಲ್ಕೆರೆ ಬಿಟ್ಟು ಬಸ್ಸು ದುರ್ಗದ ದಾರಿ ಹಿಡಿಯುತ್ತಿದ್ದಂತೆ ನೇತ್ರಾವತಿಯ ಫೋನು ಬಡಿದುಕೊಂಡಿತು. ಕೆಂಚಕ್ಕನ ಕರೆ. ಪಕ್ಕದ ಹಟ್ಟಿಯ ಈ ಕೆಂಚಕ್ಕನಿಗೆ ಬೆಳಗಾಗೆದ್ದು ಯಾರಿಗಾದರೂ ಫೋನು ಮಾಡದಿದ್ದರೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಆಮೇಲೆ ಮಾತಾಡಿದರಾಯಿತು ಎಂದು ನೇತ್ರಾವತಿ ಫೋನನ್ನು ಬ್ಯಾಗಿಗೆ ಹಾಕುವವಳಿದ್ದಳು. ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆಯಲು ಅವಳು ಇವತ್ತಿಗೂ ಹೆದರುತ್ತಾಳೆ.

"ನಿಮ್ ಮಾವನ ವಿಡಿಯೋ ಎಷ್ಟ್ ನೋಡಿದ್ರೂ ಸಾಕಾಗಂಗಿಲ್ಲ ಕಣೆ ನೇತ್ರಾ," ಎಂದಳು ಕೆಂಚಕ್ಕ. "ಒಂದ್ ಅನುಮಾನ ಐತೆ ನೋಡು. ಮದ್ದಿನ ಬಾಟ್ಲಿ ತೋರ್ಸುವಾಗ ಬಕೀಟಿಗೆ ಒಂದು ಮುಚ್ಚಳ ಅಂತಾರೆ. ಆಮ್ಯಾಲೆ ಕುರಿ ಮುಳುಗಿಸೋ ಚಿತ್ರ ಬಂದಾಗ ಬಕೀಟಿಗೆ ಅರ್ಧ ಬಾಟ್ಲಿ ಅಂತಾರೆ. ಕುರಿ ಮೈಗೆ ಅರ್ಧ ಬಾಟ್ಲಿನೇ ಅಲ್ವಾ?"

ನೇತ್ರಾವತಿ ಸೀಟಿನಿಂದ ಎದ್ದೇಬಿಟ್ಟಳು.

"ಅಕ್ಕಾ, ಬ್ಯಾಡ! ಅರ್ಧ ಬಾಟ್ಲಿ ಕುರಿಗಲ್ಲ. ಕುರಿ ಕೂಡೋ ರೊಪ್ಪದ ನೆಲಕ್ಕೆ, ಕುರಿ ಎಲ್ಲ ಹೊರಗೆ ಹೊಡೆದ ಮ್ಯಾಲೆ ಚಿಮುಕ್ಸೋದು. ಆ ನೀರಿಗೆ ಕುರಿ ಇಳಿಸಿದ್ರೆ ಸತ್ತು ಹೋಗ್ತವೆ!"

"ಹಂಗಂದ್ರೆ ಹೆಂಗೆ? ನಿಮ್ ಮಾವನೇ ಹೇಳ್ತಾ ಅವರಲ್ಲ."

ಇವತ್ತು ಕುರಿ ಮುಟ್ಟಲೇಬೇಡಿ ಎಂದು ಕೆಂಚಕ್ಕನಿಂದ ದೇವರಾಣೆ ಹಾಕಿಸಿಕೊಂಡಳು. ಆಮೇಲೆ ವಿಡಿಯೋ ತೆಗೆದು, ಮೊದಲ ಸಲ ಕೊನೆಯವರೆಗೂ ನೋಡಿದಳು.

ಹೌದು, ಮೊದಲ ಸಲ. ತಾನೇ ಮಾಡಿದ ವಿಡಿಯೋವನ್ನು ತಾನೇ ಪೂರ್ತಿ ನೋಡದೆ ಊರಿಗೆಲ್ಲ ಹಂಚಿದವಳು ಅವಳು. ಅದು ಹೇಗಾಯಿತು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳನ್ನು ದಡ್ಡಿ ಎಂದುಕೊಂಡೀರಿ.

ನೇತ್ರಾವತಿಗೆ ದುರ್ಗದ ಒಂದು ಕುರಿಗಾರರ ಸಂಘದಲ್ಲಿ ಕೆಲಸ. ಮಳೆ ನಿಂತ ಮೇಲೆ ಕುರಿಗಳಿಗೆ ಉಣ್ಣಿ, ಹೇನಿನ ಕಾಟ ಹೆಚ್ಚಾಗಿತ್ತು. ಸಂಘದ ಪಶುವೈದ್ಯ ಚೇತನ್‌ಕುಮಾರ್ ಮದ್ದಿನ ಬಗ್ಗೆ ಕೆಲವು ಸ್ಲೈಡ್ ಮಾಡಿಕೊಟ್ಟಿದ್ದರು. ಅವರು ಕುರಿಗಾರರಿಗೆ ಬರೆದದ್ದೋ ಪರೀಕ್ಷೆಗೆ ಬರೆದದ್ದೋ ತಿಳಿಯದಷ್ಟು ಅಕ್ಷರ ಅದರಲ್ಲಿ. ಓದುವವರು ಯಾರು? ಸ್ಲೈಡುಗಳನ್ನು ಕೊಟ್ಟರೆ ತಾನೇ ಮಾತಾಡಿ ವಿಡಿಯೋ ಮಾಡಿಕೊಡುವ ಎಐ ಒಂದನ್ನು ನೇತ್ರಾವತಿ ಕಲಿತಿದ್ದಳು. ಅಕ್ಷರ ತೆಗೆದು ಫೋಟೋ ಹಾಕಿದಳು. ಒಂದೊಂದು ಚಿತ್ರಕ್ಕೂ ಹೇಳಬೇಕಾದ ಮಾತನ್ನು ಸಾಲಾಗಿ ಬರೆದಳು. ಡಾಕ್ಟರು ಎರಡನ್ನೂ ನೋಡಿ ಸರಿಯಿದೆ ಎಂದರು. ಸರಿಯಾಗಿಯೇ ಇತ್ತು.

ದನಿ ಯಾರದು ಎಂಬ ಪ್ರಶ್ನೆ ಬಂತು. ಹಿಂದೊಮ್ಮೆ ಅವಳು ತನ್ನದೇ ದನಿಯಲ್ಲಿ ಒಂದು ವಿಡಿಯೋ ಕಳಿಸಿದ್ದಳು. ಗೊಲ್ಲರಹಟ್ಟಿಗಳಲ್ಲಿ ಅದಕ್ಕೆ ಬಸ್‌ಸ್ಟ್ಯಾಂಡಿನ ಮೈಕಿಗೆ ಸಿಗುವಷ್ಟೂ ಮರ್ಯಾದೆ ಸಿಗಲಿಲ್ಲ. ಮುದ್ದಣ್ಣನ ಸೊಸೆ ಏನೋ ಓದುತ್ತಾಳೆ ಎಂದು ಬಿಟ್ಟರು. ಮಾವ ಮುದ್ದಣ್ಣನೇ ಹೇಳಿದ್ದರೆ ಕತೆಯೇ ಬೇರೆ. ಹೊಸದುರ್ಗ, ಹಿರಿಯೂರು ಕಡೆಯ ಹಟ್ಟಿಗಳಲ್ಲಿ ಕುರಿಗೆ ಕೆಮ್ಮು ಬಂದರೂ ಗಂಡ ಹೆಂಡಿರಿಗೆ ಜಗಳ ಬಂದರೂ ಅವನ ಮಾತೇ ಕೊನೆಯದು. ಆದರೆ ಮುದ್ದಣ್ಣನಿಗೆ ಈಗ ಮಾತಿಲ್ಲ. ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲೊಂದು ತೂತು, ಅದರಲ್ಲೇ ಉಸಿರು. ಕೆರೆ ಹೊಳೆ ಹಾಗಿರಲಿ, ನೀರಿನ ತೊಟ್ಟಿಗೂ ಇಳಿಯಬಾರದು, ಆ ತೂತಿನಲ್ಲಿ ನೀರು ಹೋದರೆ ನೇರ ಶ್ವಾಸಕೋಶಕ್ಕೇ ಹೋಗುತ್ತದೆ ಎಂದು ಆಸ್ಪತ್ರೆಯವರು ಹೆದರಿಸಿ ಕಳಿಸಿದ್ದರು. ಅವತ್ತಿನಿಂದ ಬೆರಳಿನ ಬೆಳ್ಳಿ ಉಂಗುರವೇ ಅವನ ನಾಲಿಗೆ. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ, ಬೇಡ.

ಅವನು ಹಿಂದೆ ಸಂಘದ ಸಭೆಯಲ್ಲಿ ಮಾತಾಡಿದ್ದು ಗಂಡ ಜುಂಜೇಶನ ಫೋನಿನಲ್ಲಿ ಉಳಿದಿತ್ತು. ಅಷ್ಟನ್ನು ಕೊಟ್ಟರೆ ಸಾಕು, ಎಐ ಅದೇ ದನಿಯಲ್ಲಿ ಬೇಕಾದ್ದನ್ನು ಹೇಳುತ್ತದೆ. "ಮಾಡ್ಲಾ ಮಾವ?" ಎಂದು ಕೇಳಿದ್ದಳು. ಮುದ್ದಣ್ಣ ನಕ್ಕು ಒಂದು ಸಲ ಕುಟ್ಟಿದ್ದ.

ಇನ್ನೇನು ವಿಡಿಯೋ ಮಾಡಬೇಕು ಎನ್ನುವಾಗ ಅವಳ ಮನಸ್ಸಿಗೆ ಚುಚ್ಚಿತು. ದೇವರಿಲ್ಲದೆ ಹೇಗೆ? ಹಟ್ಟಿಯಲ್ಲಿ ಹೊಸ ಉಣ್ಣೆ ಕತ್ತರಿಯನ್ನೂ ದೇವರಿಗೆ ತೋರಿಸದೆ ಕುರಿಗೆ ಮುಟ್ಟಿಸುವುದಿಲ್ಲ. ಡಾಕ್ಟರ ಸ್ಲೈಡಿನಲ್ಲಿ ಎಲ್ಲಿಯ ದೇವರು! ಹಟ್ಟಿಯ ದೇವರು ಜುಂಜಪ್ಪನ ಗುಡಿಯ ಫೋಟೋ ಒಂದನ್ನು ಎಲ್ಲಕ್ಕಿಂತ ಮೊದಲು ಸೇರಿಸಿ, ಕೈಮುಗಿದು, ಒತ್ತಿದಳು.

ದೇವರಿಗೆ ಮಾತು ಬರೆದಿರಲಿಲ್ಲ. ಎಐಗೆ ಅದೇನು ಗೊತ್ತು? ಮೊದಲ ಚಿತ್ರಕ್ಕೆ ಮೊದಲ ಮಾತು, ಎರಡನೆಯದಕ್ಕೆ ಎರಡನೆಯದು ಎಂದು ಹೊಂದಿಸುತ್ತಾ ಹೋಯಿತು. ಎಲ್ಲ ಮಾತೂ ಒಂದೊಂದು ಚಿತ್ರ ಮೊದಲೇ ಬಂದವು. ಕುರಿ ಮುಳುಗಿಸುವ ಚಿತ್ರಕ್ಕೆ ರೊಪ್ಪದ ಮಾತು ಬಂತು. ರೊಪ್ಪದ ಚಿತ್ರ ಮೂಕವಾಗಿ ಉಳಿಯಿತು.

ಭಾನುವಾರ ಸಂಜೆ ಮನೆಯವರನ್ನೆಲ್ಲ ಕೂರಿಸಿ ವಿಡಿಯೋ ಹಚ್ಚಿದಳು. ಜುಂಜಪ್ಪನ ಗುಡಿ ಕಂಡಿತು. "ಎಲ್ಲಾರಿಗೂ ಶರಣು. ನಾನು ನಿಮ್ಮ ಮುದ್ದಣ್ಣ," ಎಂದಿತು ದನಿ. ಅದೇ ಗಡಸು, ಅದೇ ಎಳೆತ. ಅತ್ತೆ ಚಿತ್ತಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಳೋ ಎಂದು ಅತ್ತಳು. ಜುಂಜೇಶನೂ ಅತ್ತ. ನೇತ್ರಾವತಿ ವಿಡಿಯೋ ನಿಲ್ಲಿಸಿ ಅತ್ತೆಯನ್ನು ಹಿಡಿದುಕೊಂಡಳು. ಮುದ್ದಣ್ಣ ಎದ್ದು ಹೊರಗೆ ಹೋದ. ಕಣ್ಣೀರು ಮರೆಸಲು ಹೋದ ಎಂದುಕೊಂಡಳು. ಮುಂದಿನದನ್ನು ಯಾರೂ ನೋಡಲಿಲ್ಲ. ಅದೇ ಖುಷಿಯಲ್ಲಿ ಎಲ್ಲ ಹಟ್ಟಿಗಳ ಗುಂಪಿಗೂ ಕಳಿಸಿಬಿಟ್ಟಳು.

ಸೋಮವಾರ ದೇವರ ವಾರ, ಕುರಿಗೆ ಮದ್ದು ಮುಟ್ಟಿಸುವುದಿಲ್ಲ. ಹಾಗಾಗಿ ಎಲ್ಲರೂ ಕಾಯುತ್ತಿದ್ದದ್ದು ಮಂಗಳವಾರದ ಬಿಸಿಲಿಗೆ. ಇವತ್ತು ಮಂಗಳವಾರ. ಬಸ್ಸಿನ ಕಿಟಕಿಯಲ್ಲಿ ಬಿಸಿಲು ಏರುತ್ತಿತ್ತು.

ಅವಳ ಕಣ್ಣಮುಂದೆ ಬಂದದ್ದು ಜುಂಜೇಶ್. ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಮೇಲಿನ ಕಾವಲಿನಲ್ಲಿ, ಅಂದರೆ ಕುರಿ ಮೇಯುವ ಬಯಲಿನಲ್ಲಿ, ಅವರ ಹಟ್ಟಿಯ ಸಿಮೆಂಟ್ ತೊಟ್ಟಿ ಇದೆ. ಹಟ್ಟಿಯ ಕುರಿಗಳೆಲ್ಲ ಅಲ್ಲಿ ಸೇರುತ್ತವೆ. ಜುಂಜೇಶ್ ಅಂಗಿ ಬಿಚ್ಚಿ, ಎದೆಮಟ್ಟದ ನೀರಿನಲ್ಲಿ ನಿಂತು, ಒಂದೊಂದೇ ಕುರಿಯನ್ನು ಅದುಮಿ ಎತ್ತುತ್ತಾನೆ. ವರ್ಷವೂ ಅದು ಅವನದೇ ಕೆಲಸ. ಅರ್ಧ ಬಾಟಲಿ ಲೆಕ್ಕದ ಆ ನೀರಿನಲ್ಲಿ ಕುರಿ ಮಾತ್ರವಲ್ಲ, ಅವನೂ ನಿಂತಿರುತ್ತಾನೆ.

ಗಂಡನಿಗೆ ಫೋನು ಮಾಡಿದಳು. ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದಿತು. ಮತ್ತೆ ಮಾಡಿದಳು, ಮತ್ತೆ ಅದೇ. ಕಾವಲಿನಲ್ಲಿ ಸಿಗ್ನಲ್ ಎಂದೂ ಇಲ್ಲ ಎಂಬುದು ಗೊತ್ತಿದ್ದೂ ಮಾಡುತ್ತಲೇ ಇದ್ದಳು. ಆಮೇಲೆ ಡಾಕ್ಟರಿಗೆ ಮಾಡಿದಳು.

"ದೇವರ ಫೋಟೋ ಹಾಕಿದ್ರಾ? ನನಗೆ ಹೇಳ್ಬಾರ್ದಾ ನೇತ್ರಾವತಿ!" ಎಂದು ಚೇತನ್‌ಕುಮಾರ್ ಕೂಗಿದವರು ತಕ್ಷಣ ದನಿ ಇಳಿಸಿದರು. ಆ ಇಳಿಸಿದ ದನಿಯೇ ಅವಳನ್ನು ಹೆಚ್ಚು ಹೆದರಿಸಿತು. "ನಾನು ಹೊಸದುರ್ಗದಲ್ಲೇ ಇದೀನಿ. ಉಳಿದ ಹಟ್ಟಿಗಳಿಗೆಲ್ಲ ಫೋನ್ ಮಾಡ್ತೀನಿ. ನೀವು ವಾಪಸ್ ಬನ್ನಿ, ಬಸ್‌ಸ್ಟ್ಯಾಂಡಲ್ಲಿ ಜೀಪು ಹತ್ತಿ. ಆ ನೀರು ಯಾರ ಮೈಗೂ ಸೋಕಬಾರ್ದು. ಮನುಷ್ಯರಿಗೂ ಅದು ವಿಷಾನೇ."

ಬಸ್ಸು ನಿಲ್ಲಿಸಿ ಇಳಿದು, ರಸ್ತೆ ದಾಟಿ, ಎದುರಿಗೆ ಬಂದ ಹೊಸದುರ್ಗದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದಳು. ಕಂಡಕ್ಟರ್ ಏನೋ ಬೈದ. ಬೈಯಲಿ. ಅವಳು ಮನೆಯಲ್ಲೇ ಇರುವ ಮೊಬೈಲಿಗೆ ಹಚ್ಚಿದ್ದಳು. ಯಾರೋ ಎತ್ತಿದರು, ಮಾತಾಡಲಿಲ್ಲ.

"ಮಾವ, ಕೇಳಿಸ್ತೈತಾ?"

ಟಕ್.

"ವಿಡಿಯೋ ತಪ್ಪಾಗೈತೆ ಮಾವ. ಕುರಿಗೆ ಹೇಳಿರೋ ಮದ್ದಿನ ಅಳತೆ ತಪ್ಪು. ಅವರು ಇನ್ನಾ ಹಟ್ಟೀಲಿ ಅದಾರಾ?"

ಟಕ್ ಟಕ್.

"ಅತ್ತೆ ಮನೇಲಿ ಅದಾರಾ?"

ಟಕ್ ಟಕ್. ಅತ್ತೆ ಮುಂಜಾನೆಯೇ ವಿಡಿಯೋ ಇದ್ದ ಫೋನನ್ನು ಮಡಿಲಿಗೆ ಕಟ್ಟಿಕೊಂಡು ತೊಟ್ಟಿಯ ಹತ್ತಿರ ಹೋಗಿದ್ದು ಅವಳಿಗೆ ಆಗ ನೆನಪಾಯಿತು. ಗಂಡನ ದನಿಯನ್ನು ನಾಲ್ಕು ಜನಕ್ಕೆ ಕೇಳಿಸಬೇಕೆಂಬ ಆಸೆ ಪಾಪ.

"ಹಟ್ಟೀಲಿ ಓಡೋರು ಯಾರಾದ್ರೂ ಅದಾರಾ ಮಾವ?"

ಈ ಸಲ ಉಂಗುರದ ಸದ್ದು ಬರಲಿಲ್ಲ. ಬಾಗಿಲ ಚಿಲಕದ ಸದ್ದು ಬಂತು. ಕೋಲು ನೆಲಕ್ಕೆ ಊರಿದ ಸದ್ದು. ಫೋನು ಕೈಯಲ್ಲೋ ಜೇಬಿನಲ್ಲೋ ಇರಬೇಕು, ಕುತ್ತಿಗೆಯ ತೂತಿನ ಉಸಿರು ಸುಯ್ ಸುಯ್ ಎನ್ನುತ್ತಿತ್ತು. "ಮಾವ, ನೀರಿನ ಹತ್ರ ಮಾತ್ರ ಹೋಗ್ಬ್ಯಾಡ್ರಿ! ದೂರ ನಿಂತು ಕೈ ಮಾಡ್ರಿ!" ಎಂದು ಅವಳು ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದಳು. ಉಸಿರು ಸ್ವಲ್ಪ ಹೊತ್ತು ಕೇಳಿಸಿ, ಆಮೇಲೆ ಕರೆ ಕಡಿದುಹೋಯಿತು.

ಗುಂಪಿನಲ್ಲಿದ್ದ ವಿಡಿಯೋ ಅಳಿಸಲು ಹೋದಳು. ಅಲ್ಲಿ ಅಳಿಯಿತು, ಆದರೆ ಇಳಿಸಿಕೊಂಡವರ ಫೋನುಗಳಲ್ಲೂ ಅವರು ಮುಂದಕ್ಕೆ ಕಳಿಸಿದ ಗುಂಪುಗಳಲ್ಲೂ ಹಾಗೇ ಉಳಿಯಿತು. ಅದು ತಪ್ಪು, ಯಾರೂ ಹಾಗೆ ಮಾಡಬೇಡಿ ಎಂದು ತನ್ನ ದನಿಯಲ್ಲಿ ಹೇಳಿ ಕಳಿಸಿದಳು. "ಯಜಮಾನ್ರು ಹೇಳಿದ್ ಮ್ಯಾಲೆ ನಿಂದೇನವ್ವ ನಡುವೆ?" ಎಂದು ಯಾರೋ ಉತ್ತರ ಕೊಟ್ಟರು. ಬೇರೆ ದಾರಿ ಕಾಣದೆ ಮತ್ತೆ ಎಐ ತೆರೆದು, ಸರಿಯಾದ ಅಳತೆ ಬರೆದು, ಚಿತ್ರವಿಲ್ಲದೆ, ಬರೀ ಮುದ್ದಣ್ಣನ ದನಿಯಲ್ಲೇ ಹೇಳಿಸಿ ಕಳಿಸಿದಳು. ಬೆಂಕಿ ಆರಿಸಲು ಸೀಮೆಎಣ್ಣೆ ಸುರಿದ ಹಾಗಾಯಿತು.

"ಈಗ ಇಬ್ರು ಮುದ್ದಣ್ಣ ಆದ್ರಲ್ಲ ನೇತ್ರಾ," ಎಂದು ಕೆಂಚಕ್ಕ ಮತ್ತೆ ಕರೆದು ಹೇಳಿದಳು. "ಒಬ್ರು ಮುಚ್ಚಳ ಅಂತಾರೆ, ಒಬ್ರು ಅರ್ಧ ಬಾಟ್ಲಿ ಅಂತಾರೆ. ನಮ್ಮೋರು ಚಿತ್ರ ಇರೋದೇ ನಿಜ ಅಂತ ಅವ್ರೆ. ನಾನು ಬಾಟ್ಲಿನೇ ಬಚ್ಚಿಟ್ಟೀನಿ, ನೀ ಹೆದರ್ಬ್ಯಾಡ."

ಹೆದರಬೇಡ ಎಂದರೆ ನಿಲ್ಲುವ ಹೆದರಿಕೆಯೇ ಅದು? ಹೊಸದುರ್ಗದಲ್ಲಿ ಇಳಿದವಳೇ ಓಡಿಹೋಗಿ ಜೀಪು ಹತ್ತಿದಳು. ಡಾಕ್ಟರು ಸ್ಟೇರಿಂಗ್ ಹಿಡಿದೇ ಫೋನಿನಲ್ಲಿ ಹಟ್ಟಿ ಹಟ್ಟಿಗೂ ಕೂಗುತ್ತಿದ್ದರು. ಕೆಲವರು ನಿಲ್ಲಿಸಿದ್ದರು, ಕೆಲವರು ಇನ್ನೂ ಶುರು ಮಾಡಿರಲಿಲ್ಲ. ತಮ್ಮ ಹಟ್ಟಿಯದೊಂದೇ ತಿಳಿಯದು. ಜೀಪು ಡಾಂಬರು ಬಿಟ್ಟು ಕಾವಲಿನ ದಾರಿಗೆ ಇಳಿಯಿತು. ನೇತ್ರಾವತಿ ಜುಂಜಪ್ಪನನ್ನು ನೆನೆದಳು. ನೆನೆದ ಕೂಡಲೇ ಆ ಗುಡಿಯ ಫೋಟೋ ಕಣ್ಣಿಗೆ ಬಂದು, ಬೇಡಿಕೊಳ್ಳುವುದಕ್ಕೂ ಭಯವಾಯಿತು.

ಏರು ಹತ್ತಿದ ಮೇಲೆ ತೊಟ್ಟಿ ಕಂಡಿತು. ಸುತ್ತ ಕುರಿಗಳು ಒತ್ತಾಗಿ ನಿಂತು ಅರಚುತ್ತಿದ್ದವು. ಗಂಡಸರು ತೊಟ್ಟಿಯ ಕಟ್ಟೆ ಹಿಡಿದು ಬಗ್ಗಿದ್ದರು. ಒಳಗೆ ಯಾರೋ ಇದ್ದರು. ಜುಂಜೇಶ್ ಎಂದುಕೊಂಡಳು. ಆದರೆ ಜುಂಜೇಶ್ ಹೊರಗೆ, ಕೊಬ್ಬಿದ ಟಗರೊಂದನ್ನು ತಬ್ಬಿ ಹಿಡಿದು ನಿಂತಿದ್ದ. ತೊಟ್ಟಿಯೊಳಗಿದ್ದುದು ಬಿಳಿ ರುಮಾಲು.

ಮುದ್ದಣ್ಣ ಹಾಲಿನಂತೆ ಬೆಳ್ಳಗಿದ್ದ ಆ ನೀರಿನಲ್ಲಿ ಎದೆಯವರೆಗೆ ನಿಂತಿದ್ದ. ಒಂದು ಕೈಯಲ್ಲಿ ಕುತ್ತಿಗೆಯ ಬಟ್ಟೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈಯ ಉಂಗುರದಿಂದ ಕಟ್ಟೆಗೆ ಕುಟ್ಟುತ್ತಲೇ ಇದ್ದ. ಟಕ್ ಟಕ್. ಟಕ್ ಟಕ್. ಕಟ್ಟೆಯ ಮೇಲೆ ಕೂತ ಚಿತ್ತಮ್ಮನ ಕೈಯಲ್ಲಿ ಫೋನು ದೊಡ್ಡದಾಗಿ ಮಾತಾಡುತ್ತಿತ್ತು. "ಬಕೀಟಿಗೆ ಅರ್ಧ ಬಾಟ್ಲಿ. ಕಮ್ಮಿ ಹಾಕ್ಬ್ಯಾಡ್ರಿ. ಒಂದು ಮೂಲೆನೂ ಬಿಡದಂಗೆ ನೆನೀಬೇಕು."

"ಜುಂಜಾ! ಕುರಿ ಬಿಡ್ಬ್ಯಾಡ! ಅದು ವಿಷ!" ಎಂದು ನೇತ್ರಾವತಿ ಜೀಪಿನಿಂದ ಹಾರಿ ಕಿರುಚಿದಳು.

ಗಂಡನ ಹೆಸರು ಹಿಡಿದು ನಾಲ್ಕು ಜನರೆದುರು ಅವಳು ಕೂಗಿದ್ದು ಅದೇ ಮೊದಲು. ಜುಂಜೇಶ್ ಬೆಚ್ಚಿ ತಿರುಗಿದ. ಅವನ ಹಿಡಿತ ಸಡಿಲಿತು. ಕಿರುಚಾಟಕ್ಕೆ ಕಂಗೆಟ್ಟ ಟಗರು ಅವನ ತೋಳಿನಿಂದ ಜಿಗಿದು, ತೊಟ್ಟಿಯೊಳಗೇ ದಬಕ್ಕನೆ ಬಿತ್ತು.

ನೀರು ಎದ್ದು ಮುದ್ದಣ್ಣನ ಮುಖಕ್ಕೆ, ಕುತ್ತಿಗೆಗೆ ಬಡಿಯಿತು. ಅವನು ಕೆಮ್ಮಲು ನೋಡಿದ. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕುತ್ತಿಗೆಯ ಬಟ್ಟೆಯಡಿಯಿಂದ ಸುಯ್ಯೆನ್ನುವ ಸದ್ದೊಂದು ಹೊರಟು, ಗುಳುಗುಳು ಎಂದು ನಿಂತುಹೋಯಿತು. ಆ ಸದ್ದನ್ನು ನೇತ್ರಾವತಿ ಸಾಯುವವರೆಗೂ ಮರೆಯಲಾರಳು.

ಆಮೇಲೆ ಎಲ್ಲ ಒಟ್ಟಿಗೇ ನಡೆಯಿತು. ಜುಂಜೇಶ್ ಮತ್ತು ಇನ್ನೊಬ್ಬರು ಮುದ್ದಣ್ಣನ ತೋಳಿಗೆ ಕೈಹಾಕಿ ಎಳೆದರು. ಡಾಕ್ಟರು ಅವನ ಬಟ್ಟೆ ಹರಿದೆಸೆದು, ಕುಡಿಯುವ ನೀರಿನ ಕೊಡಗಳನ್ನೆಲ್ಲ ತರಿಸಿ, ಕುತ್ತಿಗೆಯನ್ನು ಎತ್ತಿ ಹಿಡಿದು ಮೈ ತೊಳೆದರು. "ನಾನು ಕುರಿ ಡಾಕ್ಟ್ರು ಕಣ್ರಪ್ಪ, ದುರ್ಗಕ್ಕೆ ಹೋಗಾಣ, ಹತ್ರಿ ಬೇಗ," ಎಂದರು.

ಜೀಪಿನಲ್ಲಿ ಮುದ್ದಣ್ಣನ ತಲೆ ನೇತ್ರಾವತಿಯ ತೊಡೆಯ ಮೇಲಿತ್ತು. ಉಸಿರು ಬರುತ್ತಿತ್ತು, ನಡುವೆ ಬಿಡುತ್ತಿತ್ತು.

"ಬಂದೋರೇ ಟಕ್ ಟಕ್ ಅಂದ್ರು," ಎಂದು ಚಿತ್ತಮ್ಮ ಯಾರಿಗೂ ಅಲ್ಲದಂತೆ ಹೇಳುತ್ತಿದ್ದಳು. "ಆ ಕುರಿ ಮೊದ್ಲು ಬ್ಯಾಡ ಅಂತಾರೇನೋ ಅಂದ್ಕಂಡು ಇನ್ನೊಂದು ತಂದ್ವಿ. ಅದಕ್ಕೂ ಬ್ಯಾಡ ಅಂದ್ರು. ಮದ್ದೇ ಬ್ಯಾಡ ಅಂತ ಕೈ ಮಾಡಿದ್ರು. ನಾನೇ ಪಾಪಿ, ನೀವೇ ಹೇಳೀರಲ್ಲ ಕೇಳ್ರಿ ಅಂತ ಫೋನು ಹಚ್ಚಿದೆ. ಆ ಫೋನು ಮಾತಾಡೋದ್ ನೋಡಿದ್ರು, ನನ್ ಮುಖ ನೋಡಿದ್ರು. ಆಮ್ಯಾಲೆ ತೊಟ್ಟಿಗೇ ಇಳಿದ್ಬಿಟ್ರು."

ಹಿರಿಯರು ನಿಂತ ನೀರಿಗೆ ಕುರಿ ಇಳಿಸುವ ಹಾಗಿಲ್ಲ. ಅದು ಅವನಿಗೆ ಗೊತ್ತಿತ್ತು. ಮಾತಿದ್ದಿದ್ದರೆ ಒಂದು ಗದರಿಕೆಯಲ್ಲಿ ಮುಗಿಯುತ್ತಿದ್ದುದಕ್ಕೆ ಅವನು ಮೈಯನ್ನೇ ಅಡ್ಡ ಇಟ್ಟ. ಅವನ ಮಾತು ಅವನ ಕೈಯಲ್ಲಿರಲಿಲ್ಲ, ಹೆಂಡತಿಯ ಕೈಯಲ್ಲಿದ್ದ ಫೋನಿನಲ್ಲಿತ್ತು. ಅಲ್ಲಿಟ್ಟವಳು ತಾನು ಎಂದು ನೇತ್ರಾವತಿಗೆ ಹೊಳೆಯಿತು. ಭಾನುವಾರ ಸಂಜೆ ಅವನು ಹೊರಗೆ ಎದ್ದುಹೋದದ್ದು ಕಣ್ಣೀರು ಮರೆಸಲೋ, ಆ ದನಿಗೆ ಹೆದರಿಯೋ ಎಂದು ಈಗ ಅನುಮಾನವಾಯಿತು.

ದುರ್ಗದ ಆಸ್ಪತ್ರೆಯಲ್ಲಿ ಅವನ ಕುತ್ತಿಗೆಗೆ ನಳಿಕೆ ಹಾಕಿದರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ನಾಳೆ ಬೆಳಗಾಗುವವರೆಗೆ ಏನೂ ಹೇಳಲಾಗದು ಎಂದರು. ಮಧ್ಯಾಹ್ನ ಜುಂಜೇಶನಿಗೆ ಹಟ್ಟಿಯಿಂದ ಫೋನು ಬಂತು. ತೊಟ್ಟಿಗೆ ಬಿದ್ದ ಟಗರು ನೊರೆ ಕಾರಿ, ಕಾಲು ಬಡಿದು ಸತ್ತಿತ್ತು. ಉಳಿದ ಕುರಿಗಳೆಲ್ಲ ಮೇಯುತ್ತಿದ್ದವು. ಅಪ್ಪ ಇಳಿಯದಿದ್ದರೆ ಆ ನೀರಿನಲ್ಲಿ ನಿಲ್ಲುತ್ತಿದ್ದವನು ತಾನು ಎಂದು ನೆನೆದು ಜುಂಜೇಶ್ ಗೋಡೆಗೆ ಒರಗಿ ಕೂತ.

ಸಂಜೆ ನರ್ಸಮ್ಮ ಒಳಗೆ ಬಿಟ್ಟಳು. ಮುದ್ದಣ್ಣ ಕಣ್ಣು ಮುಚ್ಚಿ ಮಲಗಿದ್ದ. ನಳಿಕೆಯಲ್ಲಿ ಉಸಿರು ಏರಿಳಿಯುತ್ತಿತ್ತು. ಅತ್ತೆ ಸೊಸೆ ಮಂಚದ ಎರಡು ಕಡೆ ಕೂತರು.

"ಮಾವ," ಎಂದಳು ನೇತ್ರಾವತಿ. "ಆ ದನೀನ ಅಳಿಸ್ಬಿಡ್ತೀನಿ. ಆಗ್ಬೌದಾ?"

ಅವನ ಬೆರಳು ಸ್ವಲ್ಪ ಎದ್ದು ಮಂಚದ ಕಬ್ಬಿಣಕ್ಕೆ ಒಂದು ಸಲ ತಾಗಿತು.

ಚಿತ್ತಮ್ಮ ಮಡಿಲಿನಿಂದ ತನ್ನ ಫೋನು ಬಿಚ್ಚಿ, ಅದನ್ನೊಮ್ಮೆ ಕಣ್ಣಿಗೊತ್ತಿಕೊಂಡು ಸೊಸೆಯ ಮುಂದಿಟ್ಟಳು. ನೇತ್ರಾವತಿ ಅತ್ತೆಯ ಫೋನಿನ ವಿಡಿಯೋ ಅಳಿಸಿದಳು. ತನ್ನ ಎಐನಲ್ಲಿ ಕೂಡಿಸಿಟ್ಟ ದನಿಯನ್ನೂ ಅಳಿಸಿದಳು. ನಿಜವಾಗಿ ಅಳಿಸಬೇಕೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದಳು. ಇನ್ನು ಮುಗಿಯಿತು ಎಂದುಕೊಂಡಳು.

"ಎಲ್ಲಾರಿಗೂ ಶರಣು. ನಾನು ನಿಮ್ಮ ಮುದ್ದಣ್ಣ."

ವರಾಂಡದಿಂದ ಬಂತು ದನಿ. ನೇತ್ರಾವತಿ ಎದ್ದು ಓಡಿದಳು. ಬಾಗಿಲಾಚೆ ಬೆಂಚಿನ ಮೇಲೆ ಗುರುತಿಲ್ಲದ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ, ಫೋನನ್ನು ಕಿವಿಯ ಹತ್ತಿರ ಹಿಡಿದು ಕೂತಿದ್ದ. ಯಾರನ್ನೋ ನೋಡಲು ಬಂದವನಿರಬೇಕು.

"ಅಣ್ಣಾ, ಅದನ್ನ ನಿಲ್ಸ್ರಿ. ಅದು ತಪ್ಪೈತೆ. ಅದರಂಗೆ ಮಾಡ್ಬ್ಯಾಡ್ರಿ."

"ಯಾಕವ್ವ? ನಮ್ ಸಿರಾ ಕಡೇಲೆಲ್ಲ ಬಂದೈತೆ ಇದು. ನಾಳೆ ಕುರಿ ಮುಳುಗಿಸ್ಬೇಕು ನಾವು."

"ಅದು ಅವರ ಮಾತಲ್ಲಣ್ಣ. ನಾನೇ ಮಾಡಿದ್ದು. ನಾನು ಅವರ ಸೊಸೆ."

ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕರುಣೆಯಿಂದಲೇ ನಕ್ಕ. "ನೀನು ಯಾರಾನ ಆಗಿರು ತಾಯಿ. ಯಜಮಾನ್ರು ಅವರ ಬಾಯಾಗೇ ಹೇಳ್ತಾ ಅವರಲ್ಲ, ಕೇಳು ಬೇಕಾದ್ರೆ," ಎಂದು ಫೋನಿನ ದನಿಯನ್ನು ಇನ್ನೂ ಏರಿಸಿ ಅವಳತ್ತ ಹಿಡಿದ.

ಅವಳ ಬೆನ್ನ ಹಿಂದೆ, ಒಳಗೆ, ಮಂಚದ ಕಬ್ಬಿಣ ಸದ್ದು ಮಾಡತೊಡಗಿತು. ಟಕ್ ಟಕ್. ಟಕ್ ಟಕ್. ನೇತ್ರಾವತಿ ಮುದುಕನ ಕೈ ಹಿಡಿದು ಎಬ್ಬಿಸಿ, "ಬರ್ರಿ ಅಣ್ಣ, ಒಳಗೆ ಬಂದು ನೋಡ್ರಿ," ಎಂದಳು.